ಮೈಕ್ ಹಿಡಿದು ಹಾಲ್ ತುಂಬಿಸಿದ್ದು

ಮಂಗಳೂರಿನಲ್ಲಿ ನನಗೆ ಬಾರದ ಸ್ವರವಿಲ್ಲ. ಕಂಡಕ್ಟರನ "ಎದುರು ಹೋಗಿ, ಎದುರು ಹೋಗಿ" ಬರುತ್ತದೆ. ನಮ್ಮ ಡೀನ್ ಸಾಹೇಬರು ಭಾಷಣಕ್ಕೆ ಮುಂಚೆ ಕೆಮ್ಮುವ ಕೆಮ್ಮು ಬರುತ್ತದೆ. ಪಣಂಬೂರಿನ ಹಡಗಿನ ಹಾರ್ನ್ ಕೂಡ ಬರುತ್ತದೆ. ಅದಕ್ಕೆ ಸ್ವಲ್ಪ ಹೊಟ್ಟೆ ತುಂಬಿರಬೇಕು ಅಷ್ಟೇ. ನಾನು ಬಾರದೆ ಇರುವುದು ಕ್ಲಾಸಿಗೆ ಮಾತ್ರ.

ಹಾಗಾಗಿ ನಮ್ಮ ವಿಭಾಗದ ಮುಖ್ಯಸ್ಥೆ ಶಾರದಾ ಮೇಡಂ ಒಂದು ದಿನ ನನ್ನನ್ನು ಚೇಂಬರಿಗೆ ಕರೆಸಿದರು.

"ಪ್ರವೀಣ, ನಿನ್ನ ಅಟೆಂಡೆನ್ಸ್ ನೋಡಿದ್ದಿಯಾ?"

"ಇಲ್ಲ ಮೇಡಂ."

"ನಾನೂ ನೋಡ್ಲಿಲ್ಲ. ನೋಡ್ಲಿಕ್ಕೆ ಎಂತ ಉಂಟು ಅದರಲ್ಲಿ?"

ನಾನು ವಿನಯದಿಂದ ನೆಲ ನೋಡಿದೆ. ಮೇಡಂ ಮೇಜಿನ ಮೇಲಿದ್ದ ಪೋಸ್ಟರನ್ನು ನನ್ನತ್ತ ತಿರುಗಿಸಿದರು. ಕ್ಯಾಂಪಸ್ಸಿನಲ್ಲಿ ಕಲಾ ಸಪ್ತಾಹ! ಮೊದಲ ದಿನ ಮೈಸೂರು ಕಡೆಯ ದೊಡ್ಡ ವಿದ್ವಾಂಸರ ಉಪನ್ಯಾಸ, ಕೊನೆಯ ದಿನ ಕವಿಗೋಷ್ಠಿ. ಕಾಮರ್ಸಿನವರ ಫೆಸ್ಟಿಗೆ ಜನ ಕಿಟಕಿಯಲ್ಲಿ ನೇತಾಡುತ್ತಾರೆ. ನಮ್ಮ ಕಾರ್ಯಕ್ರಮ ಶುರುವಾದರೆ ಹಾಲಿನಲ್ಲಿ ಮೊದಲೇ ನೇತಾಡುತ್ತಿದ್ದ ಬಾವಲಿಗಳೂ ಎದ್ದು ಹೋಗುತ್ತವೆ.

"ಎರಡಕ್ಕೂ ಹಾಲ್ ತುಂಬಿಸು. ನಿನ್ನನ್ನು ಪರೀಕ್ಷೆಗೆ ಕೂರಿಸುವ ಜವಾಬ್ದಾರಿ ನನ್ನದು. ಇಲ್ಲದಿದ್ರೆ ಇನ್ನೊಂದು ವರ್ಷ ನಾವಿಬ್ರೂ ಮುಖ ನೋಡ್ಕೊಂಡು ಇರ್ಬೇಕು. ನನಗಂತೂ ಆಸೆ ಇಲ್ಲ ಮಾರಾಯ."

"ಹಾಲ್ ತಾನೇ ಮೇಡಂ? ತುಂಬಿತು ಅಂತ ತಿಳ್ಕೊಳ್ಳಿ!"

ಹೀಗೆ ಹೇಳುವಾಗ ನನ್ನ ತಲೆಯಲ್ಲಿ ಯೋಜನೆ ಸಿದ್ಧವಾಗಿತ್ತು. ಪೋಸ್ಟರನ್ನು ಯಾರೂ ಓದುವುದಿಲ್ಲ. ವಾಟ್ಸಾಪಿನಲ್ಲಿ ಹಾಕಿದರೆ ಹೆಬ್ಬೆರಳು ತೋರಿಸಿ ಮನೆಯಲ್ಲೇ ಮಲಗುತ್ತಾರೆ. ಆದರೆ ನಮ್ಮ ಕಡೆ ಯಕ್ಷಗಾನವಿರಲಿ, ಭೂತದ ನೇಮವಿರಲಿ, ರಿಕ್ಷಾಕ್ಕೆ ಮೈಕ್ ಕಟ್ಟಿ ಕೂಗಿದರೆ ಜನ ಒಲೆಯ ಮೇಲಿನ ಮೀನು ಬಿಟ್ಟು ಗೇಟಿಗೆ ಓಡಿ ಬರುತ್ತಾರೆ. ಅದರಲ್ಲೂ ಮೈಕಿನ ವಾಮನಣ್ಣ ಕೂಗಿದರೆ ಮುಗಿಯಿತು. ಅವರ ಸ್ವರ ಕೇಳಿಯೇ ನಾನು ಬೆಳೆದವನು. ಅವರು ಉಸಿರು ತೆಗೆದುಕೊಳ್ಳುವ ಜಾಗ ಕೂಡ ನನಗೆ ಬಾಯಿಪಾಠ.

ಕಾಟಿಪಳ್ಳದ ನಮ್ಮ ಓಣಿಯ ಲೋಕೇಶಣ್ಣನ ರಿಕ್ಷಾ ಸಿಕ್ಕಿತು. ಉಪನ್ಯಾಸದ ಹಿಂದಿನ ದಿನ ಹಿಂದಿನ ಸೀಟಿನಲ್ಲಿ ರಾಜಗಾಂಭೀರ್ಯದಿಂದ ಕುಳಿತು ಮೈಕ್ ಹಿಡಿದು ವಾಮನಣ್ಣನ ಸ್ವರ ತೆಗೆದೆ.

"ಕಲಾಭಿಮಾನಿ ಬಂಧುಗಳೇ... ನಾಳೆ ಪೂರ್ವಾಹ್ನ ಹತ್ತು ಗಂಟೆಗೆ ಸರಿಯಾಗಿ... ವಿಶ್ವವಿದ್ಯಾಲಯದ ಭವ್ಯ ಸಭಾಂಗಣದಲ್ಲಿ... 'ಆಧುನಿಕತೆ ಮತ್ತು ಕರಾವಳಿಯ ಸ್ಮೃತಿ: ಒಂದು ಮರುಚಿಂತನೆ'... ಬಹಳ ವಿಜೃಂಭಣೆಯಿಂದ ಜರಗಲಿರುವುದು!"

ಅಬ್ಬಾ, ಆ ಎಫೆಕ್ಟೇ! ಬೈಕಂಪಾಡಿಯಲ್ಲಿ ಶಿಫ್ಟ್ ಬಿಟ್ಟು ಬರುತ್ತಿದ್ದವರು ನಿಂತು ಕೇಳಿದರು. ಕಾಟಿಪಳ್ಳದಲ್ಲಿ ಅಜ್ಜಿಯೊಬ್ಬರು ರಿಕ್ಷಾಕ್ಕೇ ಕೈ ಮುಗಿದರು. ಸಂಜೆ ಮನೆ ಎದುರು ಇಳಿಯುವಾಗ ನನಗೆ ನನ್ನ ಮೇಲೆಯೇ ಭಕ್ತಿ ಬಂದಿತ್ತು.

ಲೋಕೇಶಣ್ಣ ವಯರ್ ಸುತ್ತುತ್ತಾ ಕೇಳಿದರು: "ಊಟಕ್ಕೆ ಎಂತ ಮಾಡಿಸ್ತಾರೆ? ಪಾಯಸ ಉಂಟಾ?"

"ಯಾವ ಊಟ ಲೋಕೇಶಣ್ಣ?"

"ನೀನೇ ಹೇಳಿದ್ದಲ್ವನಾ, ಎಲ್ಲಾ ಜಂಕ್ಷನ್‌ನಲ್ಲಿ! 'ಮಧ್ಯಾಹ್ನ ಮಹಾ ಅನ್ನಸಂತರ್ಪಣೆ ಇರುವುದು, ಸರ್ವರೂ ಸಕುಟುಂಬಿಕರಾಗಿ ಆಗಮಿಸಿ' ಅಂತ."

ಮಿಮಿಕ್ರಿಯವರ ಕಷ್ಟ ಮಿಮಿಕ್ರಿಯವರಿಗೇ ಗೊತ್ತು. ಒಬ್ಬರ ಸ್ವರ ಹತ್ತಿದ ಮೇಲೆ ನಡುವಿನಲ್ಲಿ ಇಳಿಯಲಿಕ್ಕೆ ಆಗುವುದಿಲ್ಲ. ಕೊನೆಯ ಸ್ಟಾಪ್‌ವರೆಗೆ ಹೋಗಲೇಬೇಕು. ವಾಮನಣ್ಣನ ಕೊನೆಯ ಸ್ಟಾಪ್ ಅನ್ನಸಂತರ್ಪಣೆ! ನನ್ನ ಬಾಯಿ ತನ್ನಷ್ಟಕ್ಕೆ ಅಲ್ಲಿವರೆಗೂ ಹೋಗಿ ಬಂದಿತ್ತು.

"ಪುನಃ ಒಂದು ರೌಂಡ್ ಹೋಗಿ ಊಟ ಇಲ್ಲ ಅಂತ ಹೇಳುವಾ?"

"ಬ್ಯಾಟರಿ ಡೌನ್," ಎಂದರು ಲೋಕೇಶಣ್ಣ.

ಹೋಗಲಿ, 'ಮರುಚಿಂತನೆ' ಎಂದು ಕೇಳಿದ ಮೇಲೂ ಬರುವ ಧೈರ್ಯ ಯಾರಿಗಿದೆ ಎಂದು ಸಮಾಧಾನ ಮಾಡಿಕೊಂಡು ಮಲಗಿದೆ.

ಇಡೀ ಊರಿಗೆ ಆ ಧೈರ್ಯವಿತ್ತು!

ಬೆಳಿಗ್ಗೆ ಸಭಾಂಗಣದ ಎದುರು ಚಪ್ಪಲಿಗಳ ಗುಡ್ಡೆ. ಯಾರೋ ಒಬ್ಬರು ಅಭ್ಯಾಸಬಲದಿಂದ ಹೊರಗೆ ಬಿಟ್ಟಿದ್ದರು, ಉಳಿದವರೆಲ್ಲ ಅದನ್ನೇ ಅನುಸರಿಸಿದ್ದರು. ಒಳಗೆ ಫ್ಯಾಕ್ಟರಿಯ ಯೂನಿಫಾರ್ಮಿನವರು, ಹೆಗಲಿಗೆ ಶಾಲು ಹಾಕಿದ ಅಜ್ಜಂದಿರು, ಮಲ್ಲಿಗೆ ಮುಡಿದ ಹೆಂಗಸರು, ಓಡಾಡುವ ಮಕ್ಕಳು. ಬಾವಲಿಗಳಿಗೆ ಜಾಗವಿರಲಿಲ್ಲ.

ಶಾರದಾ ಮೇಡಂ ಕಣ್ಣು ಒರೆಸಿಕೊಂಡರು. "ಪ್ರವೀಣ, ನಿನ್ನನ್ನು ನಾನು ತಪ್ಪು ತಿಳ್ಕೊಂಡಿದ್ದೆ."

ಈಗ ಸರಿಯಾಗಿ ತಿಳಿದುಕೊಳ್ಳುತ್ತೀರಿ ಮೇಡಂ, ಮಧ್ಯಾಹ್ನದವರೆಗೆ ಕಾಯಿರಿ ಎಂದು ಮನಸ್ಸಿನಲ್ಲೇ ಅಂದುಕೊಂಡೆ.

ವಿದ್ವಾಂಸರಂತೂ ವೇದಿಕೆಯಲ್ಲಿ ಗದ್ಗದಿತರಾದರು. "ವಿಚಾರಗಳಿಗಾಗಿ ಇಂಥ ಹಸಿವನ್ನು ನಾನು ಎಲ್ಲಿಯೂ ಕಂಡಿಲ್ಲ!"

ಮುಂದಿನ ಸಾಲಿನ ಅಜ್ಜ ತಲೆ ಆಡಿಸಿದರು. "ಹೌದು ಹೌದು, ನಾವು ತಿಂಡಿ ಸಹ ತಿನ್ಲಿಲ್ಲ."

ಆ ಸಂತೋಷದಲ್ಲಿ ವಿದ್ವಾಂಸರು ಕೈಯಲ್ಲಿದ್ದ ಎರಡು ಹಾಳೆಗಳನ್ನು ಪಕ್ಕಕ್ಕಿಟ್ಟು ಚೀಲದಿಂದ ದೊಡ್ಡ ಕಟ್ಟನ್ನೇ ತೆಗೆದರು. ಅವರು "ಕೊನೆಯದಾಗಿ" ಎಂದಾಗಲೆಲ್ಲ ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ಚಪ್ಪಾಳೆ ಕೇಳಿ ಅವರು ಮತ್ತೆ ಮುಂದುವರಿಸಿದರು.

ಮೇಡಂ ಹೊರಗೆ ಹೋದದ್ದು ನೋಡಿ ನಾನು ವರಾಂಡದ ಮೂಲೆಗೆ ಓಡಿದೆ. ಉಳಿದದ್ದು ಒಂದೇ ವಿದ್ಯೆ. ಕ್ಯಾಂಟೀನಿನ ಸೀನಣ್ಣನಿಗೆ ಫೋನ್ ಹಚ್ಚಿ, ಗಂಟಲು ಸರಿಮಾಡಿಕೊಂಡು, ಸಾಕ್ಷಾತ್ ಶಾರದಾ ಮೇಡಂ ಆದೆ.

"ಸೀನ, ನಾನು ಶಾರದಾ ಮೇಡಂ. ಹಾಲ್‌ನಲ್ಲಿ ಇರುವವರಿಗೆಲ್ಲ ಕೂಡ್ಲೇ ಊಟ ಆಗ್ಬೇಕು. ಎಂತ, ಏನು ಅಂತ ಕೇಳ್ಬೇಡ."

ಆ ಕಡೆ ಸೀನಣ್ಣ ಯಾರಿಗೋ ಹೇಳುವುದು ಕೇಳಿಸಿತು: "ಮೇಡಂ, ಚಾ ಆಮೇಲೆ ಕುಡೀರಿ. ನಿಮಗೊಂದು ಫೋನ್ ಉಂಟು. ನೀವೇ ಮಾತಾಡುವುದಂತೆ."

"ಹಲೋ, ಯಾರದು?"

ನನ್ನ ಹೆಸರು ಹೇಳಲು ಹೊರಟೆ. ಸ್ವರ ಮಾತ್ರ ಇಳಿಯಲೊಲ್ಲದು. "ಮೇಡಂ... ನಾನು... ನೀವು," ಎಂದೆ, ಅವರದೇ ಸ್ವರದಲ್ಲಿ!

ಮುಂದೆ ಕ್ಯಾಂಟೀನಿನಲ್ಲಿ ನಡೆದ ವಿಚಾರಣೆಯನ್ನು ವಿವರಿಸುವುದು ನನ್ನ ಗೌರವಕ್ಕೆ ಕುಂದು. ಎಲ್ಲ ಕೇಳಿದ ಮೇಲೆ ಮೇಡಂ ಇಷ್ಟೇ ಹೇಳಿದರು: "ಊಟಕ್ಕೆ ಕರೆದು ಹಸಿದ ಹೊಟ್ಟೆಯಲ್ಲಿ ಕಳಿಸುವ ಕ್ರಮ ನಮ್ಮ ಊರಿನಲ್ಲಿ ಇಲ್ಲ. ಸೀನ, ಎಂತ ಆಗ್ತದೆ?"

"ಕುಚ್ಚಲಕ್ಕಿ ಗಂಜಿ, ಚಟ್ನಿ, ಉಪ್ಪಿನಕಾಯಿ. ಜನ ಜಾಸ್ತಿ ಆದ್ರೆ ನೀರು ಜಾಸ್ತಿ. ಆದ್ರೆ ಬಡಿಸ್ಲಿಕ್ಕೆ, ತೆಂಗಿನಕಾಯಿ ತುರಿಲಿಕ್ಕೆ ಜನ ಇಲ್ಲ."

ಇಬ್ಬರೂ ಒಟ್ಟಿಗೆ ನನ್ನ ಕಡೆ ತಿರುಗಿದರು.

ಕುಚ್ಚಲಕ್ಕಿ ಬೇಯುವಷ್ಟು ಹೊತ್ತೂ ವಿದ್ವಾಂಸರು ಮಾತಾಡಿದರು. ಅವರ ವಿದ್ವತ್ತಿನ ಆಳ ನನಗೆ ಅರ್ಥವಾದದ್ದು ಆಗಲೇ. ಆಮೇಲೆ ಅವರೂ ನೆಲದ ಮೇಲೆ ಪಂಕ್ತಿಯಲ್ಲಿ ಕುಳಿತು ಎರಡು ಸಲ ಗಂಜಿ ಹಾಕಿಸಿಕೊಂಡರು. ನಾನು ಬಕೆಟ್ ಹಿಡಿದು ಬಡಿಸುತ್ತಾ ಮುಂದೆ ಬಂದರೆ, ಪಂಕ್ತಿಯ ತುದಿಯಲ್ಲಿ ನೆರೆಕರೆಯವರ ಜೊತೆ ನಮ್ಮ ಅಮ್ಮ!

"ಅಮ್ಮ, ನೀವು ಎಂತ ಇಲ್ಲಿ?"

"ವಾಮನಣ್ಣ ಮೈಕಿನಲ್ಲಿ ಅಷ್ಟು ಚಂದ ಕರೆದ ಮೇಲೆ ಬಾರದೆ ಇರ್ಲಿಕ್ಕೆ ಆಗ್ತದಾ? ಮಾತು ಅಂದ್ರೆ ಅದು! ನೀನೂ ಇದ್ದಿ, ದಿನವಿಡೀ ಬಾಯಿ ಬಡಿಯುವುದು, ಯಾರಿಗೆ ಉಪಕಾರ? ಉಪ್ಪಿನಕಾಯಿ ಹಾಕು."

ಸಂಜೆ ಮೇಡಂ ತೀರ್ಪು ಕೊಟ್ಟರು. ಮೊದಲ ಹಾಲ್ ತುಂಬಿದ್ದು ಲೆಕ್ಕಕ್ಕೆ ಉಂಟು. ಕವಿಗೋಷ್ಠಿಗೆ ಮಾತ್ರ ನಾನು ನನ್ನ ಸ್ವಂತ ಸ್ವರದಲ್ಲೇ ಪ್ರಚಾರ ಮಾಡಬೇಕು, ಕೊನೆಗೆ "ಊಟ ಇರುವುದಿಲ್ಲ" ಎಂದು ಸ್ಪಷ್ಟವಾಗಿ ಹೇಳಬೇಕು.

ಹೇಳಿದೆ. ಅದೇ ರಿಕ್ಷಾ, ಅದೇ ಜಂಕ್ಷನ್‌ಗಳು. ನನ್ನ ಸ್ವಂತ ಸ್ವರ ಹೇಗಿದೆ ಎಂದು ನೆನಪು ಮಾಡಿಕೊಳ್ಳಲಿಕ್ಕೇ ಮೊದಲ ಜಂಕ್ಷನ್ ದಾಟಿಹೋಯಿತು.

ಕವಿಗೋಷ್ಠಿಯ ದಿನ ಕವಿಗಳು ಸಾಲಾಗಿ ವೇದಿಕೆಯ ಮೇಲೆ ಕುಳಿತಿದ್ದರು. ಕೆಳಗೆ ಖಾಲಿ ಕುರ್ಚಿಗಳು ಅದಕ್ಕಿಂತ ಶಿಸ್ತಾಗಿ ಕುಳಿತಿದ್ದವು. ಬಾವಲಿಗಳು ಮರಳಿ ಬಂದಿದ್ದವು.

"ಪರೀಕ್ಷೆಗೆ ಕೂರು," ಎಂದರು ಮೇಡಂ. "ಆದ್ರೆ ರಜೆಯಲ್ಲಿ ದಿನಾ ಸ್ಪೆಷಲ್ ಕ್ಲಾಸ್. ನಿನಗೊಬ್ಬನಿಗೆ. ನಾನೇ ತಗೊಳ್ಳುವುದು. ನನ್ನ ಕರ್ಮ!"

ಮೊದಲ ಸಾಲಿನಲ್ಲಿ ಅಮ್ಮ ಒಬ್ಬರೇ ಇದ್ದರು, ಮಡಿಲಲ್ಲಿ ಊಟದ ಬುತ್ತಿ ಇಟ್ಟುಕೊಂಡು. ನಾನು ಹೋಗಿ ಪಕ್ಕದಲ್ಲಿ ಕುಳಿತೆ.

"ಈ ಸಲ ಮೈಕಿನಲ್ಲಿ ಕೂಗಿದ್ದು ನೀನು ಅಂತ ನನಗೆ ಕೂಡ್ಲೇ ಗೊತ್ತಾಯ್ತು ಮಗಾ," ಎಂದರು ಅಮ್ಮ.

ನನಗೆ ಕಣ್ಣು ತುಂಬಿ ಬಂತು. ಎಷ್ಟಾದರೂ ಹೆತ್ತ ಕರುಳು! "ನನ್ನ ಸ್ವರ ಗುರುತು ಸಿಕ್ಕಿತಾ ಅಮ್ಮ?"

"ಸ್ವರ ಎಂತದ್ದು? ಓಣಿಯಲ್ಲಿ ಒಬ್ಬರೂ ಮನೆಯಿಂದ ಹೊರಗೆ ಬರ್ಲಿಲ್ಲ ಅಲ್ವಾ!"