ಒಂದು ಲೋಟ ನೀರಿಗೆ ಎರಡು ವರ್ಷ

ನಮ್ಮ ಮನೆಗೆ ಬಂದ ನೆಂಟರು ಎರಡನೆಯ ಸಲ ಬಾರದಂತೆ ಮಾಡಿದ ಕೀರ್ತಿ ಪೂರ್ತಿಯಾಗಿ ನನ್ನ ಅತ್ತಿಗೆಯವರಿಗೆ ಸಲ್ಲಬೇಕು. ಜಗಳವಾಡಿ ಓಡಿಸಿದರೆಂದು ತಿಳಿಯಬೇಡಿ. ಬಡಿಸುವುದರಲ್ಲಿ ಜಿಪುಣತನ ತೋರಿಸಿದವರೂ ಅಲ್ಲ. ಎಲೆ ತುಂಬ ಬಡಿಸಿ, ಎದುರಿಗೆ ಕೂತು, ನೆಂಟರು ಬಾಯಿ ತೆರೆದು ಏನಾದರೊಂದು ಹೇಳಲಿ ಎಂದು ಕಾಯುತ್ತಿದ್ದರು, ಅಷ್ಟೆ. ಮಂಡ್ಯದಿಂದ ಬಂದಿದ್ದ ನಮ್ಮ ಸೋದರತ್ತೆ ಒಮ್ಮೆ, ಮೊಸರಿನ ಜೊತೆ ಬಾಳೆಹಣ್ಣು ತಿಂದರೆ ಶೀತವಾಗುತ್ತದೆ ಎಂದು ಊರೆಲ್ಲ ಹೇಳುವ ಮಾತನ್ನೇ ಹೇಳಿದರು. ಅತ್ತಿಗೆ ಕೈಯಲ್ಲಿದ್ದ ಸೌಟು ಕೆಳಗಿಟ್ಟರು.

“ಅದು ಸರಿ ಅತ್ತೆ, ಆನಾ ಯಾರು ಹೇಳಿದ್ದು?”

ಸೋದರತ್ತೆ ತಮ್ಮ ಅಜ್ಜಿಯ ಹೆಸರು ಹೇಳಿದರು. ಅಜ್ಜಿಗೆ ಯಾರು ಹೇಳಿದ್ದು, ಎಷ್ಟು ಜನರನ್ನು ನೋಡಿ ಹೇಳಿದ್ದು, ಬಾಳೆಹಣ್ಣು ಬಿಟ್ಟು ಬರೀ ಮೊಸರು ತಿಂದವರಿಗೆ ಶೀತವಾಗಲೇ ಇಲ್ಲವೇ ಎಂದು ವಿಚಾರಣೆ ಮುಂದುವರಿಯಿತು. ಸೋದರತ್ತೆ ಸಂಜೆಯ ಗಾಡಿಗೇ ಹೊರಟರು. ಆಮೇಲೆ ಅವರಿಗೆ ಶೀತವಾಯಿತೋ ಇಲ್ಲವೋ ತಿಳಿಯಲಿಲ್ಲ. ಕಾಗದ ಬರೆಯುವುದನ್ನೇ ನಿಲ್ಲಿಸಿಬಿಟ್ಟರು.

ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ ಅದು. ಮದರಾಸಿನ ಗಿಂಡಿಯಲ್ಲಿ ಪಂಪು ತಯಾರಿಸುವ ಕಾರ್ಖಾನೆಯೊಂದರಲ್ಲಿ ಕೆಲಸ ಸಿಕ್ಕಿ, ನಾನು ತ್ರಿಪ್ಲಿಕೇನಿನ ಅಣ್ಣನ ಮನೆ ಸೇರಿದ್ದೆ. ಅತ್ತಿಗೆ ಅಲ್ಲೇ ಹುಟ್ಟಿ ಬೆಳೆದವರು, ಮೂರು ತಲೆಮಾರಿನಿಂದ ಮದರಾಸಿನಲ್ಲಿ ನೆಲೆಸಿದ ವೈಷ್ಣವ ಮನೆತನದ ಹೆಣ್ಣುಮಗಳು. ಆಡುವುದು ಕನ್ನಡವೇ. ಆದರೆ ಅದು ತಮಿಳಿನೊಂದಿಗೆ ಎಷ್ಟು ಬೆರೆತುಹೋಗಿತ್ತೆಂದರೆ, ಅವರ ‘ಆನಾ’ ಎಂದರೆ ನಮ್ಮ ‘ಆದರೆ’ ಎಂದು ತಿಳಿಯಲು ನನಗೆ ಒಂದು ವಾರ ಹಿಡಿಯಿತು. ಆ ‘ಆನಾ’ ಬಂತೆಂದರೆ ಅದರ ಹಿಂದೆ ಒಂದು ಪ್ರಶ್ನೆ ಬರುತ್ತದೆಂದು ತಿಳಿಯಲು ಮಾತ್ರ ಒಂದೇ ದಿನ ಸಾಕಾಯಿತು.

ಅವರು ಖಾಸಗಿ ಆಸ್ಪತ್ರೆಯೊಂದರಲ್ಲಿ ನರ್ಸು. ಆಪರೇಷನ್ ರೋಗಿಗಳ ವಾರ್ಡು ಇಪ್ಪತ್ತು ವರ್ಷದಿಂದ ಅವರ ಕೈಯಲ್ಲಿತ್ತು. ವಾರ್ಡಿನಲ್ಲಿ ಮಾತ್ರ ಎಲ್ಲ ನರ್ಸುಗಳ ಹಾಗೆ ಅವರೂ ಹಿರಿಯರು ಹೇಳಿಕೊಟ್ಟಂತೆ ಕೆಲಸ ಮಾಡಿಕೊಂಡು ಸುಖವಾಗಿಯೇ ಇದ್ದರಂತೆ. ಅಷ್ಟರಲ್ಲಿ ಯಾವ ಪುಣ್ಯಾತ್ಮನಿಗೆ ಹೊಳೆಯಿತೋ, ಆಸ್ಪತ್ರೆಯವರು ಮೂರು ದಿನದ ತರಬೇತಿ ಏರ್ಪಡಿಸಿದರು. ಹೊರಗಿನಿಂದ ಬಂದ ಟೀಚರಮ್ಮ, ಮಾಡುವ ಪ್ರತಿ ಕೆಲಸಕ್ಕೂ ಆಧಾರ ಹುಡುಕಿ ಎಂದು ಹೇಳಿಕೊಟ್ಟರು. ಹುಡುಕುವ ಮೊದಲು ಪ್ರಶ್ನೆಯನ್ನು ನಾಲ್ಕು ತುಂಡು ಮಾಡಬೇಕಂತೆ: ಎಂಥ ರೋಗಿ, ಏನು ಮಾಡುತ್ತೀರಿ, ಅದರ ಬದಲು ಇನ್ನೇನು ಮಾಡಬಹುದು, ಕೊನೆಗೆ ಏನಾಗಬೇಕು. ಉಳಿದ ನರ್ಸುಗಳೆಲ್ಲ ಬೋಂಡಾ, ಕಾಫಿ ಮುಗಿಸಿ ಸರ್ಟಿಫಿಕೇಟು ಹಿಡಿದು ಮನೆಗೆ ಹೋದರು. ನಮ್ಮವರು ಆ ನಾಲ್ಕು ತುಂಡನ್ನೂ ಮನೆಗೆ ತಂದರು.

ಮರುದಿನ ನಾನು ತಲೆನೋವೆಂದು ಇನ್ನೊಂದು ಕಾಫಿ ಕೇಳಿದೆ. ಎಂಥ ಮನುಷ್ಯ? ಇಪ್ಪತ್ತೇಳು ವರ್ಷದ ಸೋಮಾರಿ. ಏನು ಕೇಳುತ್ತಾನೆ? ಮೂರನೆಯ ಕಾಫಿ. ಬದಲಿಗೆ ಏನಿದೆ? ಸ್ನಾನ ಮಾಡಿ ಹೊತ್ತಿಗೆ ಸರಿಯಾಗಿ ಕೆಲಸಕ್ಕೆ ಹೋಗುವುದು. ಕೊನೆಗೆ ಏನಾಗಬೇಕು? ತಲೆನೋವು ಹೋಗಬೇಕು. ಅಣ್ಣ ಪೇಪರಿನ ಹಿಂದೆ ಮುಖ ಮುಚ್ಚಿಕೊಂಡ. ನಾನು ಸ್ನಾನಕ್ಕೆ ಹೋದೆ. ತಲೆನೋವೂ ಹೋಯಿತು, ಅದೇ ಬೇಸರ!

ಇಷ್ಟಕ್ಕೇ ನಿಂತಿದ್ದರೆ ನಾನು ಸಹಿಸಿಕೊಳ್ಳುತ್ತಿದ್ದೆ. ಆದರೆ ಆ ಮೇ ತಿಂಗಳಲ್ಲಿ ಅವರ ವಾರ್ಡಿಗೆ ನಿವೃತ್ತ ತಮಿಳು ಮೇಷ್ಟರೊಬ್ಬರು ಆಪರೇಷನ್ನಿಗೆಂದು ಸೇರಿದರು. ಆಪರೇಷನ್ನಿನ ಹಿಂದಿನ ರಾತ್ರಿಯಿಂದ ಬಾಯಿಗೆ ಏನೂ ಹಾಕಕೂಡದು, ತೊಟ್ಟು ನೀರನ್ನೂ ಸಹ, ಎಂಬುದು ಆಸ್ಪತ್ರೆಯ ನಿಯಮ. ಬೆಳಿಗ್ಗೆ ಎಂಟಕ್ಕೆಂದಿದ್ದ ಮೇಷ್ಟರ ಸರದಿ ಮಧ್ಯಾಹ್ನ ಮೂರಕ್ಕೆ ಹೋಯಿತು. ಮದರಾಸಿನ ಮೇ ತಿಂಗಳು ಹೇಗಿರುತ್ತದೆಂದು ನಾನು ಹೇಳಬೇಕೆ? ನಾಲಿಗೆ ಅಂಗುಳಕ್ಕೆ ಅಂಟಿಕೊಂಡ ಮೇಷ್ಟರು ಒಂದು ಗುಟುಕು ನೀರು ಕೇಳಿದರು. ಅತ್ತಿಗೆ ಕೂಡದೆಂದರು. ಹಾಗೆಂದು ಯಾರು ಹೇಳಿದ್ದು ಎಂದು ಮೇಷ್ಟರು ಕೇಳಿದರಂತೆ, ಕೋಪದಿಂದಲ್ಲ, ನಿಜವಾಗಿ ತಿಳಿದುಕೊಳ್ಳಲು. ಅತ್ತಿಗೆಗೆ ಉತ್ತರ ಗೊತ್ತಿರಲಿಲ್ಲ. ಮೇಷ್ಟರ ಆಪರೇಷನ್ ಚೆನ್ನಾಗಿಯೇ ಆಯಿತು, ವಾರದಲ್ಲಿ ಮನೆಗೂ ಹೋದರು. ಅವರು ಬಿಟ್ಟುಹೋದ ಪ್ರಶ್ನೆ ಮಾತ್ರ ನನ್ನ ಕೊರಳಿಗೆ ಬಿತ್ತು.

ಏಕೆಂದರೆ ಹುಡುಕಲು ಒಬ್ಬ ಕೈಯಾಳು ಬೇಕಿತ್ತು. ಅಣ್ಣನಿಗೆ ಮದುವೆಯಾಗಿ ಹತ್ತು ವರ್ಷವಾಗಿತ್ತು, ತಪ್ಪಿಸಿಕೊಳ್ಳುವ ದಾರಿಗಳೆಲ್ಲ ಗೊತ್ತಿದ್ದವು. ಸಿಕ್ಕಿಬಿದ್ದವನು ನಾನು.

ಅತ್ತಿಗೆಯ ವಾರದ ರಜೆಯ ದಿನ ಮೆಡಿಕಲ್ ಕಾಲೇಜಿನ ಲೈಬ್ರರಿಗೆ ಹೋದೆವು. ಜಗತ್ತಿನಲ್ಲಿ ಪ್ರಕಟವಾದ ವೈದ್ಯಕೀಯ ಬರಹಗಳ ಪಟ್ಟಿ ಅಲ್ಲಿ ದಪ್ಪ ದಪ್ಪ ಸಂಪುಟಗಳಲ್ಲಿತ್ತು. ಒಂದೊಂದೂ ಒರಳುಕಲ್ಲಿನಷ್ಟು ಭಾರ. ಇಪ್ಪತ್ತು ವರ್ಷ ಅನುಭವದ ನರ್ಸು ಮೊದಲು ಹುಡುಕಿದ್ದು ಯಾವ ಪದವನ್ನು ಗೊತ್ತೆ? ‘ನೀರು’! ಚರಂಡಿ ನೀರು, ಕುಡಿದರೆ ಕಾಲರಾ ಬರುವ ನೀರು, ಶ್ವಾಸಕೋಶದಲ್ಲಿ ತುಂಬುವ ನೀರು, ಎಲ್ಲವೂ ಸಿಕ್ಕಿತು. ಎರಡನೆಯ ವಾರ ‘ಬಾಯಾರಿಕೆ’ ಹುಡುಕಿದರು. ಇಲಿಗಳ ಬಾಯಾರಿಕೆಯ ವಿಚಾರ ಬಹಳ ಇತ್ತು, ಮೇಷ್ಟರುಗಳದು ಇರಲಿಲ್ಲ. ಮೂರನೆಯ ವಾರ ಲೈಬ್ರರಿಯನ್ ಕನಿಕರಪಟ್ಟು, ‘ಆಪರೇಷನ್ನಿಗೆ ಮುಂಚಿನ ಉಪವಾಸ’ ಎಂಬ ವಿಷಯದಡಿ ನೋಡಿ ಎಂದರು. ಹೊತ್ತು ಹೊತ್ತು ನನ್ನ ಭುಜ ಬಿದ್ದುಹೋಗಿತ್ತು.

ಅಲ್ಲಿ ಇತ್ತೀಚಿನ ಸಂಪುಟಗಳು ಇರಲಿಲ್ಲ. ಇಂಟರ್‌ನೆಟ್ಟಿನಲ್ಲಿ ನೋಡಬಹುದು ಎಂದು ಅದೇ ಲೈಬ್ರರಿಯನ್ ಹೇಳಿದರು. ನಮ್ಮ ಕಾರ್ಖಾನೆಯ ಆಫೀಸಿನಲ್ಲಿ ಇಂಟರ್‌ನೆಟ್ಟಿದ್ದ ಒಂದೇ ಒಂದು ಕಂಪ್ಯೂಟರಿತ್ತು. ಅತ್ತಿಗೆ ಬಸ್ಸು ಹತ್ತಿ ಗಿಂಡಿಗೆ ಬಂದರು. ಆ ಕಂಪ್ಯೂಟರಿನ ಉಸ್ತುವಾರಿ ಹೊತ್ತಿದ್ದ ಹುಡುಗಿಗೆ ಡಬ್ಬಿ ತುಂಬ ಪುಳಿಯೋಗರೆ ತಂದಿದ್ದರು. ಲಂಚವಲ್ಲವೇ ಎಂದರೆ, ಹಸಿದವರಿಗೆ ಅನ್ನ ಎಂದರು. ‘ಉಪವಾಸ’ ಎಂದು ಬೆರಳಚ್ಚಿಸಿದರು. ಏಕಾದಶಿ ಬಂತು, ರಂಜಾನ್ ಬಂತು, ಹದಿನೈದು ದಿನದಲ್ಲಿ ಸೊಂಟ ಸಣ್ಣಗಾಗಿಸುವ ಉಪಾಯವೂ ಬಂತು. ನಮ್ಮ ಮ್ಯಾನೇಜರು ಒಳಗೆ ಕಾಲಿಟ್ಟಿದ್ದು ಸರಿಯಾಗಿ ಸೊಂಟದ ಚಿತ್ರ ತೆರೆದುಕೊಳ್ಳುತ್ತಿದ್ದಾಗ. ಮರುದಿನ ನನ್ನ ಮೇಜಿನ ಮೇಲೆ ಒಂದು ಎಚ್ಚರಿಕೆ ಪತ್ರವಿತ್ತು: ಕಂಪನಿಯ ಕಂಪ್ಯೂಟರಿನಲ್ಲಿ ವ್ರತ ಮತ್ತು ದೇಹಸೌಂದರ್ಯಕ್ಕೆ ಸಂಬಂಧಪಟ್ಟ ವಿಷಯಗಳನ್ನು ನೋಡಕೂಡದು. ನನ್ನ ಸೇವಾ ದಾಖಲೆಯಲ್ಲಿ ಅದು ಇಂದಿಗೂ ಇದೆ.

ಅಷ್ಟರಲ್ಲಿ ಆ ಕಂಪ್ಯೂಟರಿನಲ್ಲಿ ವೈದ್ಯಕೀಯ ಲೇಖನಗಳಿರುವ ಸರಿಯಾದ ಜಾಗ ಸಿಕ್ಕಿತ್ತು. ಆದರೆ ಅಲ್ಲಿದ್ದುದು ಬರೀ ಸಾರಾಂಶ. ಪೂರ್ತಿ ಲೇಖನ ಬೇಕೆಂದರೆ ಅದನ್ನು ಬರೆದವರಿಗೇ ಕಾಗದ ಹಾಕಬೇಕು. ಸರಿ, ನಾನು ಇಂಗ್ಲಿಷಿನಲ್ಲಿ ಬರೆದೆ, ಅತ್ತಿಗೆ ಸಹಿ ಹಾಕಿದರು. ತ್ರಿಪ್ಲಿಕೇನಿನ ನರ್ಸಿಗೆ ಯಾವ ಯೂರೋಪಿನ ದೊಡ್ಡ ಡಾಕ್ಟರು ಉತ್ತರ ಬರೆಯುತ್ತಾನೆ ಎಂದು ನಾನು ನಗುತ್ತಿದ್ದೆ. ಒಂದೂವರೆ ತಿಂಗಳಿಗೆ ಮೊದಲನೆಯ ಲಕೋಟೆ ಬಂತು, ಆಮೇಲೆ ಒಂದೊಂದಾಗಿ ಬರುತ್ತಲೇ ಇದ್ದವು. ವಿದೇಶದ ಸ್ಟಾಂಪು ನೋಡಿದ ಪಕ್ಕದ ಮನೆಯವರು, ಅತ್ತಿಗೆಗೆ ಹೊರದೇಶದಲ್ಲಿ ಕೆಲಸ ಸಿಕ್ಕಿದೆಯೆಂದು ತೀರ್ಮಾನಿಸಿ, ತಮ್ಮ ಮಗಳ ಬಯೋಡೇಟಾ ತಂದುಕೊಟ್ಟರು. ಅತ್ತಿಗೆ ಅದರಲ್ಲಿದ್ದ ಎರಡು ತಪ್ಪು ತಿದ್ದಿ ವಾಪಸು ಕೊಟ್ಟರು.

ಈ ಲೇಖನಗಳನ್ನು ಅವರು ಓದುತ್ತಿದ್ದ ರೀತಿ ನೋಡಬೇಕಿತ್ತು. ಡಿಕ್ಷನರಿ ಪಕ್ಕದಲ್ಲಿಟ್ಟುಕೊಂಡು, ಅಕ್ಕಿಯಲ್ಲಿ ಕಲ್ಲು ಆರಿಸುವ ಹಾಗೆ. ನಾನು ಒಂದರ ಕೊನೆಯ ಪುಟ ನೋಡಿ, ನೀರು ಕೊಡಬಹುದು ಎಂದಿದೆ, ಕೆಲಸ ಮುಗಿಯಿತು ಎಂದೆ.

“ಕೊನೆ ಪುಟ ಓದಿ ಕುಣೀಬೇಡಪ್ಪಾ,” ಎಂದರು. “ಯಾರಿಗೆ ಕೊಟ್ಟು ನೋಡಿದರು, ಹೇಗೆ ಆರಿಸಿದರು, ಅದು ಮೊದಲು ನೋಡು. ಇವರೆಲ್ಲಾ ಗಟ್ಟಿ ಆಳುಗಳು. ನನ್ನ ವಾರ್ಡಲ್ಲಿ ಇರೋರು ಅಂಥವರಾ?”

ಆ ಲೇಖನ ಪಕ್ಕಕ್ಕೆ ಹೋಯಿತು. ತಮಗೆ ಬೇಕಾದ್ದನ್ನೇ ಹೇಳುವ ಕಾಗದವನ್ನೂ ಪಕ್ಕಕ್ಕಿಡುವವರಿಗೆ ಏನೆನ್ನಬೇಕು? ವಕೀಲರಾಗಿದ್ದರೆ ಇವರ ಹತ್ತಿರ ಒಬ್ಬ ಕಕ್ಷಿಗಾರನೂ ನಿಲ್ಲುತ್ತಿರಲಿಲ್ಲ.

ಕೊನೆಗೂ ಗಟ್ಟಿಯಾಗಿ ಉಳಿದ ಐದಾರು ಲೇಖನಗಳನ್ನು ಫೈಲು ಮಾಡಿಕೊಂಡು, ಅರಿವಳಿಕೆ ಕೊಡುವ ಹಿರಿಯ ಡಾಕ್ಟರ ಬಳಿಗೆ ಹೋದರು. ಅವರು ಫೈಲು ತೆರೆಯಲೇ ಇಲ್ಲವಂತೆ. ಹೊಟ್ಟೆಯಲ್ಲಿದ್ದುದು ಅರಿವಳಿಕೆಯಲ್ಲಿ ಮೇಲೆ ಬಂದು ಶ್ವಾಸಕೋಶಕ್ಕೆ ಇಳಿದರೆ ರೋಗಿ ಬದುಕುವುದೇ ಕಷ್ಟ, ಸಿಸ್ಟರ್ ತಮ್ಮ ಕೆಲಸ ನೋಡಿಕೊಳ್ಳಲಿ ಎಂದರಂತೆ. ಅತ್ತಿಗೆ ಮನೆಗೆ ಬಂದು ಅಳುತ್ತಾರೆ, ಪೀಡೆ ಕಳೆಯುತ್ತದೆ ಎಂದುಕೊಂಡೆ. ಬಂದವರು ಡಾಕ್ಟರು ಹೇಳಿದ್ದು ಸರಿಯಾದ ಪ್ರಶ್ನೆ ಎಂದರು! ಘನ ಆಹಾರ ಹೊಟ್ಟೆಯಲ್ಲಿ ಎಷ್ಟು ಹೊತ್ತು ನಿಲ್ಲುತ್ತದೆ, ಬರೀ ನೀರು ಎಷ್ಟು ಬೇಗ ಇಳಿದುಹೋಗುತ್ತದೆ ಎಂದು ಮತ್ತೆ ಹುಡುಕಾಟ, ಮತ್ತೆ ಕಾಗದ, ಮತ್ತೆ ನನ್ನ ಭುಜ. ಕೆಲವು ದೇಶಗಳ ಅರಿವಳಿಕೆ ವೈದ್ಯರೇ ಆಗ ತಮ್ಮ ಹಳೆಯ ನಿಯಮ ಸಡಿಲಿಸಿ, ಆಪರೇಷನ್ನಿಗೆ ಎರಡು ಗಂಟೆ ಮುಂಚಿನವರೆಗೂ ತಿಳಿನೀರು ಕೊಡಬಹುದೆಂದು ಬರೆದಿದ್ದರು. ಅದನ್ನೂ ಸೇರಿಸಿ ಎರಡನೆಯ ಸಲ ಹೋದರು, ಮೂರನೆಯ ಸಲವೂ ಹೋದರು. ಮೂರನೆಯ ಸಲ ಡಾಕ್ಟರು ಫೈಲು ಮನೆಗೆ ಒಯ್ದರು. ವಾರ ಕಳೆದು ಒಪ್ಪಿಕೊಂಡರು: ಮಧ್ಯಾಹ್ನದ ಸರದಿಯವರಿಗೆ, ಅದೂ ತಾವೇ ನೋಡಿ ಗುರುತು ಹಾಕಿದವರಿಗೆ ಮಾತ್ರ, ಬೆಳಿಗ್ಗೆ ಆರಕ್ಕೆ ಒಂದು ಲೋಟ ಬರೀ ನೀರು.

ಎರಡು ವರ್ಷ! ನನ್ನ ರಜೆಗಳು, ನನ್ನ ಭುಜ, ನನ್ನ ಸೇವಾ ದಾಖಲೆ, ಎಲ್ಲ ಹಾಳಾಗಿ ಹುಟ್ಟಿದ್ದು ಒಂದು ಲೋಟ ನೀರು. ಭಗೀರಥ ಇದಕ್ಕಿಂತ ಹೆಚ್ಚು ತಂದಿದ್ದ.

ಆಮೇಲಿನದು ಇನ್ನೂ ಚೆನ್ನಾಗಿದೆ. ಆ ನೀರನ್ನು ಕುಡಿಯುವವರೇ ಇಲ್ಲ! ಮೊದಲನೆಯ ರೋಗಿ, ಆಪರೇಷನ್ ದಿನ ನೀರು ಮುಟ್ಟಕೂಡದೆಂದು ತನಗೆ ಗೊತ್ತಿದೆ ಎಂದು ಅತ್ತಿಗೆಗೇ ಬುದ್ಧಿ ಹೇಳಿದ. ಎರಡನೆಯವಳ ಗಂಡ, ನರ್ಸಮ್ಮ ತನ್ನ ಹೆಂಡತಿಯನ್ನು ಕೊಲ್ಲಲು ನೋಡುತ್ತಿದ್ದಾಳೆ ಎಂದು ಮೇಟ್ರನ್ನರ ಹತ್ತಿರ ಓಡಿದ. ಮೂರನೆಯವರು ಲೋಟ ಇಸಿದುಕೊಂಡು ಮುಖ ತೊಳೆದುಕೊಂಡರು. ಆ ವಾರ ರಾತ್ರಿಯೂಟದ ಹೊತ್ತಿಗೆ ನಾನು ಬಹಳ ನಕ್ಕೆ. ಅತ್ತಿಗೆ ನನ್ನ ತಟ್ಟೆಗೆ ಸಾರು ಬಡಿಸಿ ಒಳಗೆ ಹೋದರು.

ನಕ್ಕ ಪಾಪ ಬೇಗ ತಗಲಿತು. ಕಾರ್ಖಾನೆಯಲ್ಲಿ ಪಂಪಿನ ಬಿಡಿಭಾಗವೊಂದನ್ನು ಎತ್ತಲು ಹೋಗಿ ನನಗೆ ಹರ್ನಿಯಾ ಎದ್ದಿತು. ಅದೇ ಆಸ್ಪತ್ರೆ, ಅದೇ ವಾರ್ಡು, ಮಧ್ಯಾಹ್ನ ಒಂದು ಗಂಟೆಯ ಸರದಿ. ಹಿರಿಯ ಡಾಕ್ಟರು ಬಂದು ಪರೀಕ್ಷಿಸಿ ನನ್ನ ಚೀಟಿಯ ಮೇಲೆ ಗುರುತು ಹಾಕಿ ಹೋದರು.

ಬೆಳಿಗ್ಗೆ ಆರಕ್ಕೆ ಅತ್ತಿಗೆ ಲೋಟ ಹಿಡಿದು ಬಂದರು. ಅಂದು ಅವರ ಡ್ಯೂಟಿ ಇರಲಿಲ್ಲ. ಆದರೂ ಗಂಜಿ ಹಾಕಿದ ಬಿಳಿ ಸೀರೆ ಉಟ್ಟೇ ಬಂದಿದ್ದರು. ಕಂಕುಳಲ್ಲಿ ಆ ಫೈಲು. ಇಷ್ಟು ಜನ ಬೇಡವೆಂದ ಮೇಲೆ ಈಗ ಮನೆಯವನನ್ನೇ ಬಲಿ ಕೊಡುತ್ತೀರಾ ಎಂದು ಹಾಸ್ಯ ಮಾಡಿದೆ.

ಅವರು ನಗಲಿಲ್ಲ. ಲೋಟವನ್ನು ನನ್ನ ಕೈಗೂ ಕೊಡಲಿಲ್ಲ. ಪಕ್ಕದ ಸ್ಟೂಲಿನ ಮೇಲಿಟ್ಟು, ಮಂಚದ ಅಂಚಿನಲ್ಲಿ ಕೂತು, ಫೈಲು ಬಿಚ್ಚಿ ಒಂದು ಹಾಳೆ ತಿರುವಿದರು, ಮತ್ತೆ ಮೊದಲಿನದಕ್ಕೆ ಬಂದರು. ಅಂಚಿನಲ್ಲೆಲ್ಲ ಅವರ ಸಣ್ಣಕ್ಷರದ ಟಿಪ್ಪಣಿ.

“ನೀನೂ ನನ್ನ ಜೊತೆ ಇದ್ದೆಯಲ್ಲಪ್ಪಾ,” ಎಂದರು, ಪಕ್ಕದ ಮಂಚದವರಿಗೆ ಕೇಳಿಸದಂತೆ. “ನಾನು ಎಲ್ಲಾ ಸರಿಯಾಗಿ ಓದಿದ್ದೀನಿ ತಾನೇ?”

ಆ ಕಾಗದಗಳಲ್ಲಿ ಅರ್ಧದಷ್ಟು ನನಗೆ ಅರ್ಥವಾಗಿರಲಿಲ್ಲ. ಉಳಿದರ್ಧವನ್ನು ನಾನು ಓದಿಯೂ ಇರಲಿಲ್ಲ.

“ಸರಿಯಾಗಿ ಓದಿದ್ದೀರಿ, ಅತ್ತಿಗೆ,” ಎಂದೆ. ನಾನೇ ಕೈಚಾಚಿ ಲೋಟ ತೆಗೆದುಕೊಂಡು, ಒಂದು ತೊಟ್ಟೂ ಉಳಿಸದೆ ಕುಡಿದೆ.

ಅವರು ಗಡಿಯಾರ ನೋಡಿ ನನ್ನ ಚೀಟಿಯಲ್ಲಿ ಸಮಯ ಬರೆದರು. ಬರೆದ ಮೇಲೂ ಎದ್ದು ಹೋಗಲಿಲ್ಲ. ಮಧ್ಯಾಹ್ನ ಥಿಯೇಟರಿನವರು ಸ್ಟ್ರೆಚರು ತರುವವರೆಗೂ, ಹೊದಿಕೆಯ ಮೇಲಿಂದ ನನ್ನ ಪಾದದ ಮೇಲೆ ಕೈಯಿಟ್ಟುಕೊಂಡು, ಅಲ್ಲೇ ಕೂತಿದ್ದರು.