ಪಂಖಾವಾಲಾ ಅಜ್ಜನವರಿಗೆ ಒಬ್ಬ ಸೋದರಮಾವನ ದೂರು

ಮುಂಬಯಿಯ ಪಾರ್ಸಿ ಕಾಲನಿಯಲ್ಲಿ, ಕಾದಂಬರಿಯೊಂದರ ಮೊದಲ ಪುಟದಿಂದ ಕೊನೆಯ ಪುಟದವರೆಗೂ ಒಂದೇ ಆರಾಮಕುರ್ಚಿಯಲ್ಲಿ ವಿರಾಜಮಾನರಾಗಿರುವ ಮಾನ್ಯ ಎದುಲ್‌ಜಿ ಪಂಖಾವಾಲಾ ಅವರಿಗೆ, ಕುವೈತಿನ ಅಬ್ಬಾಸಿಯಾದ ಬ್ಯಾಚುಲರ್ ರೂಮಿನಿಂದ ಯಶೋಧರನು ಮಾಡುವ ಸವಿನಯ ನಮಸ್ಕಾರಗಳು.

ಮಾನ್ಯರೇ, ತಾವು ಕಾಲ್ಪನಿಕ ವ್ಯಕ್ತಿಯೆಂಬುದನ್ನು ಬಲ್ಲೆ. ಆದರೆ ತೊಂಬತ್ತರ ಬೇಸಿಗೆಯಲ್ಲಿ ನನ್ನ ಅಕ್ಕ ಚಂಪಾಳ ಮಗಳು ಅನ್ವಿತಾ, ಶಾಲೆಯ ಸೂಸನ್ ಟೀಚರಿಂದ ತಮ್ಮನ್ನು ಎರವಲು ಪಡೆದು ಇಲ್ಲೇ ರಿಗ್ಗೈಯಲ್ಲಿರುವ ಅವರ ಫ್ಲಾಟಿಗೆ ಕರೆತಂದ ಮೇಲೆ, ಆ ಮನೆಯಲ್ಲಿ ಕಾಲ್ಪನಿಕ ವ್ಯಕ್ತಿಯಾದದ್ದು ನಾನು.

ನಮ್ಮ ತುಳುನಾಡಿನ ಕಟ್ಟಿನಲ್ಲಿ ಕುಲ ಬರುವುದು ತಾಯಿಯಿಂದ, ಮನೆತನದ ಯಜಮಾನ ಸೋದರಮಾವ. ಶುವೈಖಿನಲ್ಲಿ ಟಯರ್ ಮಾರುವ ನನಗೆ ಬೇರೆಲ್ಲೂ ಸಿಗದ ಮರ್ಯಾದೆ ಪ್ರತಿ ಶುಕ್ರವಾರ ಚಂಪಕ್ಕನ ಕೋರಿರೊಟ್ಟಿಯ ಮುಂದೆ ಸಿಗುತ್ತಿತ್ತು. ಕೋಳಿಯ ಮೊದಲ ತುಂಡು ನನಗೆ, ಆಮೇಲೆ ತಿಲಕ್ ಭಾವನಿಗೆ. ತಮ್ಮ ಮನೆಯಲ್ಲಾದರೋ ಹೆಸರು, ಕುಲ, ಕುರ್ಚಿ ಎಲ್ಲವೂ ಅಪ್ಪನ ಅಪ್ಪನಿಂದ. ತಾಯಿಯ ತಮ್ಮನೆಂದರೆ ಭಾನುವಾರ ಧನ್‌ಸಾಕ್ ತಿನ್ನಲು ಬಂದು, ರಿಪೇರಿ ಮಾಡುತ್ತೇನೆಂದು ರೇಡಿಯೊ ಕೆಡಿಸಿ ಹೋಗುವ, ಮದುವೆಯಾಗದ ನಗೆಪಾಟಲಿನ ಮನುಷ್ಯ. ನನಗೂ ಮದುವೆಯಾಗಿಲ್ಲ, ಚಂಪಕ್ಕನ ಮಿಕ್ಸಿ ಬಿಚ್ಚಿದವನೂ ನಾನೇ ಎಂಬುದು ಕೇವಲ ಕಾಕತಾಳೀಯ.

ತಮ್ಮವರಲ್ಲಿ ಕಸುಬೇ ಅಡ್ಡಹೆಸರಾಗುವ ಚಂದ ಕಂಡು, ಏಸಿ ಕಂಪನಿಯ ನೌಕರನ ಮಗಳು ತಾನು ‘ಅನ್ವಿತಾ ಏಸಿವಾಲಾ’ ಎಂದು ಘೋಷಿಸಿಕೊಂಡಳು. ಹಾಗಾದರೆ ನಾನು ಯಾರೆಂದು ಕೇಳಿದ್ದಕ್ಕೆ, ‘ಮಾಮ, ಯೂ ಆರ್ ಟಯರ್‌ವಾಲಾ. ಮಮ್ಮಿ ಸೈಡ್ ಓನ್ಲಿ’ ಎಂದಳು. ಜನ್ಮದಲ್ಲಿ ಪುಸ್ತಕ ಮುಟ್ಟದ ಭಾವ ಒಂದು ಆರಾಮಕುರ್ಚಿ ತಂದು ಹಾಕಿಕೊಂಡು, ಮೊದಲ ತುಂಡಿಗೇ ಕೈಹಾಕಿದರು. ತಮ್ಮ ಕುಟುಂಬದ ಫೋಟೋ ತೆಗೆಯುವಾಗ ತಮ್ಮ ಸೊಸೆಯ ತಮ್ಮನಾದ ಆ ಬಡಪಾಯಿ ಎಲ್ಲರ ಟೋಪಿ ಹಿಡಿದು ಹೊರಗೆ ನಿಂತನಲ್ಲ, ಅದೇ ಪದ್ಧತಿಯಂತೆ ಅನ್ವಿತಾಳ ಹುಟ್ಟುಹಬ್ಬದ ಫೋಟೋಗೆ ನಾನು ಅಕ್ಕನ ವ್ಯಾನಿಟಿ ಬ್ಯಾಗ್ ಹಿಡಿದು ಕ್ಯಾಮೆರಾದ ಹಿಂದೆ ನಿಂತೆ.

ಆಗಸ್ಟಿನಲ್ಲಿ ಇರಾಕಿನ ಸೈನ್ಯ ನುಗ್ಗಿತು. ನಾವು ಊರಿಗೆ ಹೊರಟಾಗ, ಬಸ್ಸಿನ ಉಸ್ತುವಾರಿ ಹೊತ್ತಿದ್ದ ರಾಜಗೋಪಾಲ ಎಂಬವರು ಇದು ಸಂಸಾರಸ್ಥರ ಬಸ್ಸು, ಸೀಟೂ ಇಲ್ಲ, ಬ್ಯಾಚುಲರುಗಳು ಮುಂದಿನದಕ್ಕೆ ಬರಲಿ ಎಂದು ನನ್ನನ್ನು ಬಾಗಿಲಲ್ಲೇ ತಡೆದರು. ಮುಂದಿನದು ಬರುತ್ತದೋ ಇಲ್ಲವೋ ಯಾರಿಗೂ ಗೊತ್ತಿರಲಿಲ್ಲ. ‘ಹೆಂಡತಿಯ ತಮ್ಮ’ ಎಂದು ಭಾವ ಹೇಳಿದ್ದು ಸಾಲಲಿಲ್ಲ. ಆಗ ಅನ್ವಿತಾ ಎದ್ದು, ತಾವು ಆಸೀನರಾಗಿದ್ದ ಚೀಲವನ್ನು ಸೀಟಿನಿಂದ ತೆಗೆದು ನೆಲಕ್ಕಿಟ್ಟು, ‘ಅಂಕಲ್, ಇವರು ನಮ್ಮ ಫ್ಯಾಮಿಲಿಯ ಹೆಡ್. ಮಾಮ ಇಲ್ಲದಿದ್ದರೆ ಫ್ಯಾಮಿಲಿ ಖಲಾಸ್’ ಎಂದಳು. ಹೀಗೆ ನಾನು ಸೀಟಿನಲ್ಲಿ, ತಾವು ನನ್ನ ಕಾಲಬುಡದಲ್ಲಿ ಗಡಿ ದಾಟಿದೆವು. ಪುಸ್ತಕಕ್ಕೆ ಕಾಲು ತಗುಲಿದಾಗಲೆಲ್ಲ ಮುಟ್ಟಿ ಕಣ್ಣಿಗೊತ್ತಿಕೊಂಡಿದ್ದೇನೆ; ದೂರು ಬೇರೆ, ಸಂಸ್ಕಾರ ಬೇರೆ.

ಈಗ ಯುದ್ಧ ಮುಗಿದು ಎಲ್ಲರೂ ಮರಳಿದ್ದೇವೆ, ಮತ್ತು ಆ ಹುಡುಗಿ ತಮ್ಮನ್ನು ಮತ್ತೆ ಮೊದಲಿನಿಂದ ಓದತೊಡಗಿದ್ದಾಳೆ. ಆದ್ದರಿಂದ, ಅವಳು ಫೋಟೋದ ಅಧ್ಯಾಯ ತಲುಪುವ ಮುನ್ನ, ತಾವು ದಯಮಾಡಿ ಕುರ್ಚಿಯಿಂದ ಎದ್ದು ಸೊಸೆಯ ತಮ್ಮನನ್ನು ಅಲ್ಲಿ ಕೂರಿಸಬೇಕು, ಕಾದಂಬರಿ ಮುಗಿಯುವುದರೊಳಗೆ ಅವನಿಗೊಂದು ಹೆಣ್ಣು ನೋಡಬೇಕು, ಆ ಹೆಣ್ಣಿಗೆ ತಂಗಿಯಿದ್ದರೆ ನನಗೂ ತಿಳಿಸಬೇಕು ಎಂದು ಪ್ರಾರ್ಥನೆ.

ಇಂತಿ, ಫೋಟೋದ ಹೊರಗಿನಿಂದ ತಮ್ಮ ವಿಶ್ವಾಸಿ,
ಯಶೋಧರ ಟಯರ್‌ವಾಲಾ

ತಾ.ಕ.: ಭಾವನವರ ಆರಾಮಕುರ್ಚಿ ಯುದ್ಧದ ಗಲಾಟೆಯಲ್ಲಿ ಯಾರದೋ ಪಾಲಾಗಿ, ಅವರೀಗ ಬಕೆಟ್ ಬೋರಲು ಹಾಕಿಕೊಂಡು ಕೂತು ಮನೆತನ ನಡೆಸುತ್ತಿದ್ದಾರೆ. ತಾವು ಯಾವ ಶುಕ್ರವಾರ ಬೇಕಾದರೂ ಊಟಕ್ಕೆ ಬನ್ನಿ, ಇನ್ನೊಂದು ಬಕೆಟ್ ಇದೆ. ಮೊದಲ ತುಂಡು ಮಾತ್ರ ಕೇಳಬೇಡಿ.