ಹೂಂಗುಟ್ಟುವ ಡಬ್ಬಿ

"ಇನ್ನೈದೇ ವರ್ಷ! ಗುಮಾಸ್ತರು ಮನೆಗೆ, ಮೇಷ್ಟ್ರು ಮನೆಗೆ, ವಕೀಲರೂ ಮನೆಗೆ! ಕೃತಕ ಬುದ್ಧಿಮತ್ತೆ ಎಲ್ಲರನ್ನೂ ಗುಡಿಸಿ ಹಾಕುತ್ತೆ!"

ಬಸ್ ನಿಲ್ದಾಣದ ಮೈಕಿನಲ್ಲಿ ಬಸ್ಸುಗಳು ಹೊರಡುವ ಹೊತ್ತು ಸಾರುವುದು ಭವಿಷ್ಯರಾಯರ ಉದ್ಯೋಗ. ಮನೆಯಲ್ಲಿ ಸಾರುತ್ತಿದ್ದುದು ಇದನ್ನು. ಆ ಹೆಸರು ಸಹೋದ್ಯೋಗಿಗಳು ಇಟ್ಟದ್ದು. ತಮ್ಮ ಕುರ್ಚಿಯ ಭವಿಷ್ಯ ಮಾತ್ರ ಅವರು ಎಂದೂ ನುಡಿದವರಲ್ಲ.

"ಸಂಸಾರಗಳ ಗತಿ?" ಹೆಂಡತಿ ಕೇಳಿದಳು.

"ಮೊದಲು ಸುಧಾರಿಸೋದೇ ಸಂಸಾರ! ನೋಡ್ತಿರು!"

ಸುಧಾರಣೆ ಆ ಭಾನುವಾರವೇ ಶುರುವಾಯಿತು. ಮಾತಾಡುವ ಡಬ್ಬಿಯೊಂದನ್ನು ತಂದು, ತಮ್ಮ ಕಂಚಿನ ಕಂಠವನ್ನೇ ಅದಕ್ಕೆ ಕಲಿಸಿ, ಗುಟ್ಟಾಗಿ ಪೇಪರಿನ ಹಿಂದೆ ಇಟ್ಟುಕೊಂಡರು. ಅಡುಗೆಮನೆಯಿಂದ ಏನೇ ಕೇಳಿಬಂದರೂ "ಹೂಂ", "ಆಯ್ತು ಕಣೇ", "ನಿನ್ನಿಷ್ಟ" ಎನ್ನುವುದು ಡಬ್ಬಿಯ ಪಾಲು. ಕಿವಿಗೆ ಹತ್ತಿ ತುರುಕಿ ಪದಬಂಧ ಬಿಡಿಸುವುದು ರಾಯರ ಪಾಲು. ಆಹಾ, ಸ್ವರ್ಗ!

ಎರಡು ದಿನ ಕಳೆಯುವಷ್ಟರಲ್ಲಿ ಅವರ ಆರಾಮಕುರ್ಚಿ ಮಾಯ!

"ಹಳೇ ಸಾಮಾನಿನವನಿಗೆ ಕೊಟ್ಟೆ. ಕೇಳಿದ್ದಕ್ಕೆ ಆಯ್ತು ಅಂದ್ರಲ್ಲ?"

ಬಾಯಿ ಬಿಟ್ಟರೆ ಗುಟ್ಟು ರಟ್ಟು. ಸುಮ್ಮನೆ ನುಂಗಿಕೊಂಡರು. ಮರುದಿನ ಭಾವಮೈದ ಹಾಸಿಗೆ ಸಮೇತ ಬಂದಿಳಿದ.

"ಒಂದು ತಿಂಗಳು ಇರಲಿ ಅಂದ್ರಂತೆ! ನಿಮ್ಮದು ದೊಡ್ಡ ಮನಸ್ಸು, ಭಾವ!"

ಅದನ್ನೂ ನುಂಗಿಕೊಂಡರು.

ಆಮೇಲೊಂದು ಬೆಳಗ್ಗೆ ಹೆಂಡತಿ ಕೈಯೊರೆಸಿಕೊಳ್ಳುತ್ತ ಬಂದು, ಅವರ ಕಿವಿಯ ಹತ್ತಿರವೇ ಹೇಳಿದಳು. "ನಿಮ್ಮ ಮ್ಯಾನೇಜರ್ ಫೋನ್ ಮಾಡಿದ್ರು. ನಿಮ್ಮ ಜಾಗಕ್ಕೆ ಮಷೀನ್ ಕೂರಿಸ್ತಾರಂತೆ, ಒಪ್ಪಿಗೆನಾ ಅಂತ. ನಿಮ್ಮನ್ನ ಕೇಳಿದ್ರೆ ನಿನ್ನಿಷ್ಟ ಅಂದ್ರಿ. ಆಗಲಿ ಅಂತ ಹೇಳ್ಬಿಟ್ಟೆ."

ಆ ಕಂಠ ಬಿಟ್ಟರೆ ರಾಯರಿಗೆ ಬೇರೆ ಬಂಡವಾಳವಿಲ್ಲ. ಚಪ್ಪಲಿ ಅದಲುಬದಲು ಮೆಟ್ಟಿಕೊಂಡು ನಿಲ್ದಾಣಕ್ಕೆ ಓಡಿದರು.

"ಸಾರ್, ಹೊಟ್ಟೆ ಮೇಲೆ ಹೊಡೀಬೇಡಿ!"

ಮ್ಯಾನೇಜರ್ ಕಣ್ಣುಕಣ್ಣು ಬಿಟ್ಟರು. "ನಾನ್ಯಾವಾಗ ಫೋನ್ ಮಾಡ್ದೆ? ಪಕ್ಕದ ನಿಲ್ದಾಣದಲ್ಲಿ ಮಷೀನ್ ಇಟ್ಟು ನೋಡಿದ್ದಾರೆ. ಕೆಟ್ಟು ನಿಂತ ಬಸ್ಸನ್ನೂ ಹೊರಟಿತು ಅಂತ ಕೂಗುತ್ತಂತೆ. ಹೋಗಿ, ಮೈಕ್ ಹಿಡೀರಿ!"

ಹೋದ ಜೀವ ಬಂದಂತಾಯಿತು. ಅಂದು ಅವರು ಸಾರಿದ ಒಂದೊಂದು ಬಸ್ಸಿನ ಹೆಸರಿನಲ್ಲೂ ಸಂತೋಷ ತುಳುಕುತ್ತಿತ್ತು.

ಸಂಜೆ ಡಬ್ಬಿಯನ್ನು ಹೆಂಡತಿಯ ಮುಂದಿಟ್ಟು ಶರಣಾದರು. "ಧ್ವನಿ ತದ್ವತ್ ನನ್ನದೇ! ಹೇಗೇ ಗೊತ್ತಾಯ್ತು?"

"ಧ್ವನಿ ನಿಮ್ಮದೇರೀ. ಆದ್ರೆ ಮದುವೆ ಆದಾಗಿನಿಂದ ಒಂದೇ ಕೂಗಿಗೆ ಯಾವತ್ತಾದ್ರೂ ಓಗೊಟ್ಟಿದ್ದೀರಾ?"

"ಹಾಗಾದ್ರೆ ನನ್ನ ಕುರ್ಚಿ?"

"ಅಟ್ಟದ ಮೇಲಿದೆ. ನನ್ನ ತಮ್ಮ ಮಾತ್ರ ತಿಂಗಳು ಮುಗಿಸಿಯೇ ಹೋಗೋದು."

ಮರುದಿನ ಅಡುಗೆಮನೆಯಿಂದ "ರೀ!" ಎಂಬ ಕೂಗು ಬಂತು.

"ಬಂದೆ ಕಣೇ!" ರಾಯರು ತಕ್ಷಣ ಓಗೊಟ್ಟರು.

ಹೆಂಡತಿ ಸೌಟು ಹಿಡಿದೇ ಓಡಿಬಂದು, ಅವರ ಕೈಯಿಂದ ಪೇಪರ್ ಕಿತ್ತು ಹಿಂದೆ ಇಣುಕಿದಳು.

"ಇನ್ನೊಂದು ಡಬ್ಬಿ ತಂದ್ರಾ?"